ಗೆಳೆಯನನ್ನೇ ಗಲ್ಲಿಗೆ ಹಾಕಿದ ಕೌಬಾಯ್‌ನ ಹೀರೋ ಅಂತ ಒಪ್ಕೋತೀರಾ? ('ದಿ ವರ್ಜೀನಿಯನ್' ಓದಿದವರು ಬನ್ನಿ)

ಮಲೆನಾಡ_ಓದುಗಿ

ನಿನ್ನೆ ರಾತ್ರಿ ಓವನ್ ವಿಸ್ಟರ್ ಬರೆದ 'ದಿ ವರ್ಜೀನಿಯನ್' ಓದಿ ಮುಗಿಸ್ದೆ, ಮುಗಿಸಿದ ಮೇಲೆ ನಿದ್ದೆ ಬರ್ಲಿಲ್ಲ, ಅದಕ್ಕೇ ಬೆಳಿಗ್ಗೆ ಎದ್ದ ತಕ್ಷಣ ಇಲ್ಲಿ ಬರೀತಾ ಇದೀನಿ. 1902ರ ಕಾದಂಬರಿ. ಕೌಬಾಯ್ ಅಂದ್ರೆ ನಮ್ ಕಣ್ಮುಂದೆ ಬರೋ ಚಿತ್ರ ಇದ್ಯಲ್ಲ, ಕಮ್ಮಿ ಮಾತು, ಸೊಂಟದಲ್ಲಿ ಪಿಸ್ತೂಲು, ಹೆಂಗಸರ ಮುಂದೆ ಸಂಕೋಚ, ಹೊತ್ತು ಮುಳುಗೋ ಹೊತ್ತಿಗೆ ಬೀದಿಲಿ ಎದುರಾಳಿ ಜೊತೆ ಲೆಕ್ಕ ಚುಕ್ತಾ, ಇದರಲ್ಲಿ ಬಹುಪಾಲು ಗಟ್ಟಿಯಾಗಿದ್ದು ಈ ಪುಸ್ತಕದಿಂದ್ಲೇ ಅಂತಾರೆ, ಓದಿದ್ರೆ ಹೌದು ಅನ್ಸುತ್ತೆ.

ಓದದೇ ಇರೋರಿಗೆ ಚಿಕ್ಕದಾಗಿ ಹೇಳ್ತೀನಿ. ಅಮೆರಿಕದ ವಯೋಮಿಂಗ್‌ನಲ್ಲಿ ಜಡ್ಜ್ ಹೆನ್ರಿ ಅನ್ನೋರ ರಾಂಚ್ (ದನ ಸಾಕೋ ದೊಡ್ಡ ಜಮೀನು), ಅಲ್ಲಿ ಕೆಲಸ ಮಾಡೋ ಒಬ್ಬ ಯುವಕ, ಅವನ ಹೆಸರು ಕೊನೇವರೆಗೂ ಹೇಳಲ್ಲ, ವರ್ಜೀನಿಯಾದಿಂದ ಬಂದೋನು ಅಂತ ವರ್ಜೀನಿಯನ್, ಅಷ್ಟೇ. ಕಥೆ ಹೇಳೋನು ಪೂರ್ವದ ಕಡೆಯಿಂದ ಬಂದ ಪೇಟೆಯವ, ಅವನಿಗೂ ಹೆಸರಿಲ್ಲ. ವರ್ಮಾಂಟ್‌ನಿಂದ ಬಂದ ಟೀಚರ್ ಮಾಲಿ ವುಡ್ ಮೇಲೆ ನಮ್ ಹೀರೋಗೆ ಪ್ರೀತಿ. ಟ್ರಾಂಪಸ್ ಅಂತ ಒಬ್ಬ ವೈರಿ. ಸ್ಟೀವ್ ಅಂತ ಒಬ್ಬ ಜೀವದ ಗೆಳೆಯ. ಆ ಸ್ಟೀವ್ ದನಗಳ್ಳರ ಜೊತೆ ಸೇರ್ತಾನೆ, ಸಿಕ್ಕಿಬೀಳ್ತಾನೆ, ಕೋರ್ಟಿಲ್ಲ ಪೊಲೀಸಿಲ್ಲ, ಅವನನ್ನ ಕಾಟನ್‌ವುಡ್ ಮರಗಳ ತೋಪಲ್ಲಿ ನೇಣಿಗೆ ಹಾಕೋ ಗುಂಪಿನ ಮುಂದಾಳು ಯಾರು ಅಂದ್ರೆ ನಮ್ ಹೀರೋನೇ.

ಆ ಅಧ್ಯಾಯ ಓದಿ ನಂಗೆ ಕೈಕಾಲು ತಣ್ಣಗಾಯ್ತು. ಸ್ಟೀವ್ ಉಳಿದೋರ ಜೊತೆಗೆಲ್ಲ ಆರಾಮಾಗಿ ಮಾತಾಡ್ತಾನೆ, ಇವನ ಜೊತೆ ಮಾತ್ರ ಒಂದಕ್ಷರ ಇಲ್ಲ. ಆಮೇಲೆ ಕುದುರೆ ಮೇಲೆ ವಾಪಸ್ ಹೋಗೋವಾಗ ಇವನು ಅಳ್ತಾನೆ. ನಾನೂ ಅತ್ತೆ, ಆದ್ರೆ ಯಾರಿಗೋಸ್ಕರ ಅತ್ತೆ ಅಂತ ಈಗ್ಲೂ ಗೊತ್ತಾಗ್ತಿಲ್ಲ. ಲೇಖಕ ಮಾತ್ರ ಇವನು ಮಾಡಿದ್ದು ಸರಿ ಅಂತ ನಮ್ಮನ್ನ ಒಪ್ಪಿಸೋಕೆ ಮುಂದಿನ ಅಷ್ಟೂ ಪುಟ ಹೆಣಗ್ತಾನೆ. ನೀವೇನಂತೀರ? ಇವನು ಹೀರೋನಾ?

ಸಂಜೆ_ಬಸ್ಸು

ನಾನು ಈ ಪುಸ್ತಕ ಮೂರು ಸಲ ಓದಿದೀನಿ, ಹಾಗಾಗಿ ಸ್ವಲ್ಪ ಇವನ ಪರ ಮಾತಾಡ್ತೀನಿ ಬೇಜಾರಾಗ್ಬೇಡಿ. ನೇಣಿನ ಅಧ್ಯಾಯ ಒಂದನ್ನೇ ಹಿಡ್ಕೊಂಡ್ರೆ ಪುಸ್ತಕಕ್ಕೆ ಅನ್ಯಾಯ ಆಗುತ್ತೆ. ಎಮಿಲಿ ಅನ್ನೋ ಕೋಳಿ ಕಥೆ ನೆನಪಿದ್ಯಾ? ಮೊಟ್ಟೆ ಇಲ್ದೆ ಆಲೂಗಡ್ಡೆ ಮೇಲೆ, ಕಲ್ಲಿನ ಮೇಲೆ, ಕೊನೆಗೆ ನಾಯಿಮರಿ ಮೇಲೂ ಕಾವು ಕೂರೋ ಹುಚ್ಚು ಕೋಳಿ. ಆ ಕೋಳಿನ ಇವನು ನೋಡೋ ರೀತಿಲಿ ಎಂಥ ಕರುಣೆ ಇದೆ! ಟ್ರಾಂಪಸ್ ಜನಗಳನ್ನ ಎತ್ತಿಕಟ್ಟಿ ಕೆಲಸ ಬಿಡಿಸೋಕೆ ನೋಡಿದಾಗ್ಲೂ ಇವನು ಪಿಸ್ತೂಲು ತೆಗ್ಯಲ್ಲ, ಕಪ್ಪೆ ಸಾಕಿ ದೊಡ್ಡ ಹೋಟೆಲಿಗೆ ಕಪ್ಪೆಕಾಲು ಸಪ್ಲೈ ಮಾಡೋ ವ್ಯಾಪಾರದ ಬಗ್ಗೆ ಒಂದು ಬೊಗಳೆ ಬಿಡ್ತಾನೆ, ಎಷ್ಟು ಗಂಭೀರವಾಗಿ ಬಿಡ್ತಾನೆ ಅಂದ್ರೆ ಟ್ರಾಂಪಸ್ ಬಾಯ್ಬಿಟ್ಕೊಂಡು ನಂಬ್ತಾನೆ, ಎಲ್ರೂ ನಗ್ತಾರೆ, ದಂಗೆ ಅಲ್ಲಿಗೆ ಮುಗೀತು. ಮಾತಲ್ಲಿ ಗೆಲ್ಲೋನು ಇವನು. ಸಿನಿಮಾದಲ್ಲಿ ಬರೋ ಕೌಬಾಯ್‌ಗಳು ಇದನ್ನ ಪೂರ್ತಿ ಮರೆತ್ರು, ಅವರಿಗೆ ಉಳಿದಿದ್ದು ಪಿಸ್ತೂಲು ಮಾತ್ರ.

ಮಾಲಿ ಕೊಟ್ಟ ಪುಸ್ತಕ ಓದಿ ಶೇಕ್ಸ್‌ಪಿಯರ್ ಬಗ್ಗೆ ಮಾತಾಡೋ ಜಾಗಗಳೂ ಅಷ್ಟೇ. ರೋಮಿಯೋ ಇವನಿಗೆ ಇಷ್ಟ ಆಗಲ್ಲ, ಹೆನ್ರಿ ರಾಜನ ಮೇಲಿನ ನಾಟಕದ ರಾಜಕುಮಾರ ಇಷ್ಟ. ಶಾಲೆ ಓದು ಇಲ್ದೋನು ಪುಸ್ತಕನ ಬದುಕಿನ ಮಾಪಲ್ಲಿ ಅಳೀತಾನಲ್ಲ, ನಂಗೆ ಅದು ತುಂಬ ಹಿಡಿಸ್ತು.

ಮಂಡ್ಯ_ಮಾತು

ಆ ಇಸ್ಪೀಟಿನ ಸೀನ್ ಬಗ್ಗೆ ಯಾರೂ ಹೇಳ್ಲೇ ಇಲ್ವಲ್ರಣ್ಣ. ನಂಗೆ ಇಡೀ ಪುಸ್ತಕ ಅರ್ಥ ಆಗಿದ್ದು ಅದ್ರಿಂದ.

ಮೊದ್ಲು ಏನಾಗುತ್ತೆ ಅಂದ್ರೆ, ಸ್ಟೀವ್ ಇವನಿಗೆ ಒಂದು ಕೆಟ್ಟ ಬೈಗುಳ ಬೈತಾನೆ, ತಾಯಿ ಎತ್ತಿ ಬೈಯೋದು, ಬೈದ್ರೂ ಇವನು ನಗ್ತಾ ಇರ್ತಾನೆ, ಕಥೆ ಹೇಳೋ ಪೇಟೆಯವನಿಗೆ ಗಾಬರಿ, ಇದೇನಪ್ಪ ಹೊಡೆದಾಡ್ತಾರೆ ಅನ್ಕೊಂಡ್ರೆ ನಗ್ತಾವ್ರೆ ಅಂತ. ಅದೇ ರಾತ್ರಿ ಇಸ್ಪೀಟ್ ಆಡೋವಾಗ ಟ್ರಾಂಪಸ್ ಅದೇ ಮಾತು ಅಂತಾನೆ. ಇವನು ಪಿಸ್ತೂಲು ತೆಗೆದು ಮೇಜಿನ ಮೇಲಿಟ್ಟು ಮೆಲ್ಲಗೆ ಹೇಳ್ತಾನೆ. ಇಂಗ್ಲಿಷಲ್ಲಿ ಭಾರಿ ಫೇಮಸ್ ಆಗಿರೋ ಡೈಲಾಗು ಅದು. ನಾನು ಕನ್ನಡಕ್ಕೆ ಹಿಂಗೆ ಮಾಡ್ಕೊಂಡೆ: "ನಂಗೆ ಆ ಮಾತು ಅನ್ನೋವಾಗ, ನಕ್ಕೊಂಡು ಅನ್ನು."

ಇದನ್ನ ನಮ್ ಕಡೆಯವರಿಗೆ ವಿವರಿಸೋದೇ ಬೇಕಾಗಿಲ್ಲ ಕಣ್ರೀ. ನಮ್ಮೂರಲ್ಲಿ ಜೀವಕ್ಕೆ ಜೀವ ಕೊಡೋ ಗೆಳೆಯ ಹತ್ತು ವರ್ಷ ಆದ್ಮೇಲೆ ಸಿಕ್ರೆ ಮೊದಲ ಮಾತೇ ಬೈಗುಳ, "ಎಲ್ಲೋಗಿದ್ಲಾ ನನ್ಮಗ್ನೇ". ಅದೇ ಮಾತು ಬಸ್ ಸ್ಟ್ಯಾಂಡಲ್ಲಿ ಗುರುತಿಲ್ದೋನು ಅಂದ್ರೆ ಕೊರಳಪಟ್ಟಿಗೆ ಕೈ. ಪದ ಒಂದೇ, ಅದ್ರೊಳಗಿನ ಉಸಿರು ಬೇರೆ. ಕಥೆ ಹೇಳೋನೂ ಅಲ್ಲಿ ಇದನ್ನೇ ಕಲೀತಾನೆ. ಈಗ ನೋಡಿ, ಆ ಮಾತನ್ನ ನಗ್ತಾ ಅನ್ನೋ ಹಕ್ಕಿದ್ದ ಸ್ಟೀವ್‌ನೇ ಆಮೇಲೆ ನೇಣಿಗೆ ಹೋಗ್ತಾನೆ. ವಿಸ್ಟರ್ ಇದನ್ನ ಬೇಕಂತ್ಲೇ ಮೊದಲ ಅಧ್ಯಾಯಗಳಲ್ಲೇ ಇಟ್ಟವ್ನೆ ಅಂತ ನನ್ ನಂಬಿಕೆ. ಎರಡನೇ ಸಲ ಓದೋವಾಗ ಆ ನಗು ನೋಡಿ ಹೊಟ್ಟೆ ಹಿಂಡ್ತು.

ಮಲೆನಾಡ_ಓದುಗಿ

@ಮಂಡ್ಯ_ಮಾತು ಅಯ್ಯೋ ಇದು ನಂಗೆ ಹೊಳೆದೇ ಇರ್ಲಿಲ್ಲ! ಟ್ರಾಂಪಸ್ ಜೊತೆಗಿನ ವೈರ ಶುರುವಾಗೋ ಸೀನ್ ಅಂತ ಮಾತ್ರ ಓದ್ಕೊಂಡು ಹೋಗಿದ್ದೆ. ಸ್ಟೀವ್ ಬೈದಿದ್ದನ್ನ ಮರೆತೇಬಿಟ್ಟಿದ್ದೆ.

ಡೆನ್ವರ್_ಕನ್ನಡಿಗ

ಆ ಇಸ್ಪೀಟ್ ಸೀನ್ ನಡೆಯೋ ಊರಿಗೆ ಹೋಗಿದ್ದೆ, ಅದಕ್ಕೇ ಬರೀಬೇಕು ಅನ್ಸ್ತು. ಮೆಡಿಸಿನ್ ಬೋ ಅಂತ, ವಯೋಮಿಂಗ್‌ನಲ್ಲಿ, ಲಾರಮಿಯಿಂದ ಹಳೇ 30ನೇ ನಂಬರ್ ಹೆದ್ದಾರಿಲಿ ಸುಮಾರು ಒಂದು ಗಂಟೆ. ದೊಡ್ಡ ಹೈವೇ ದಕ್ಷಿಣಕ್ಕೆ ದೂರ ಹೋಗ್ಬಿಡುತ್ತೆ, ಹಾಗಾಗಿ ಈ ರಸ್ತೆಲಿ ಗಾಡಿಗಳೇ ಕಮ್ಮಿ. ಈಗ ಅಲ್ಲಿ 300 ಜನಾನೂ ಇಲ್ಲ. ನಾವು ಇಳಿದಾಗ ಗಾಳಿ ಎಂಥದ್ದು ಅಂದ್ರೆ ಕಾರಿನ ಬಾಗಿಲು ಕೈಯಿಂದ ಕಿತ್ಕೊಂಡು ಹೋಗೋ ಹಾಗಿತ್ತು, ಸುತ್ತ ಬೂದು ಹಸಿರು ಸೇಜ್‌ಬ್ರಷ್ ಪೊದೆ, ದೂರದಲ್ಲಿ ಜಿಂಕೆ ಥರದ ಪ್ರಾಂಗ್‌ಹಾರ್ನ್ ಗುಂಪು, ಊರ ಮಧ್ಯೆನೇ ಯೂನಿಯನ್ ಪೆಸಿಫಿಕ್ ರೈಲು ಹಳಿ. ಗೂಡ್ಸ್ ಹೋದ್ರೆ ಮುಗಿಯೋದೇ ಇಲ್ಲ, ಅಷ್ಟುದ್ದ.

ವರ್ಜೀನಿಯನ್ ಹೋಟೆಲ್ ಅಂತಲೇ ಒಂದು ದೊಡ್ಡ ಹಳೇ ಕಟ್ಟಡ ಇದೆ ಅಲ್ಲಿ. ಸುಮಾರು ಜನ ಕಥೆ ನಡೆದಿದ್ದು ಅದೇ ಹೋಟೆಲಲ್ಲಿ ಅಂತ ಫೋಟೋ ಹೊಡ್ಕೋತಾರೆ, ಅದು ಕಟ್ಟಿದ್ದು 1911ರಲ್ಲಿ, ಪುಸ್ತಕ ಬಂದು ಒಂಬತ್ತು ವರ್ಷ ಆದ ಮೇಲೆ. ಅಂದ್ರೆ ಊರು ಕಥೆ ಹುಟ್ಟಿಸ್ತು, ಆಮೇಲೆ ಕಥೆನೇ ಊರಿಗೆ ಹೋಟೆಲ್ ಕಟ್ಟಿಸ್ತು. ವಿಸ್ಟರ್ 1885ರಲ್ಲಿ ಇಲ್ಲಿಗೆ ಬಂದಾಗ ಮಲಗೋಕೆ ಹಾಸಿಗೆ ಸಿಗದೆ ಅಂಗಡಿ ಕೌಂಟರ್ ಮೇಲೆ ಮಲಗಿದ್ದ. ಕಾದಂಬರಿಲಿ ಊರಿನ ಕಟ್ಟಡ ಎಲ್ಲ ಎಣಿಸಿ 29 ಅಂತಾನೆ, ಕಲ್ಲಿದ್ದಲು ಸುರಿಯೋ ಜಾರುಬಂಡೆ, ನೀರಿನ ಟ್ಯಾಂಕು, ಸ್ಟೇಷನ್ನು ಎಲ್ಲ ಸೇರಿಸಿ. ಇದಕ್ಕೆ ಸರಿಯಾದ ಬೇರೆ ಪದ ಹುಟ್ಟೋವರೆಗೆ ಊರು ಅಂತಲೇ ಕರೀಬೇಕಷ್ಟೇ ಅಂತ ಬರೀತಾನೆ. ನಾನು ಅಲ್ಲಿ ನಿಂತು ಎಣಿಸೋಕೆ ಹೋದೆ, ಹೆಂಡ್ತಿ ಚಳಿ ಅಂತ ಕಾರೊಳಗೆ ಕೂತಿದ್ಲು, ಅರ್ಧಕ್ಕೇ ಬಿಟ್ಟೆ.

ಆ ಬಯಲಲ್ಲಿ ನಿಂತಾಗ ಒಂದು ವಿಷಯ ಅನ್ಸಿದ್ದು. ಇಲ್ಲಿ ನಿಮಗೆ ಏನಾದ್ರೂ ಆದ್ರೆ ಕೂಗಿದ್ರೆ ಕೇಳೋರು ಯಾರೂ ಇಲ್ಲ. ಜಡ್ಜ್ ಹೆನ್ರಿ ವಾದ ಒಪ್ಪದೇ ಇದ್ರೂ ಅದು ಎಂಥ ಜಾಗದಲ್ಲಿ ಹುಟ್ಟಿದ ವಾದ ಅಂತ ಕಣ್ಣಿಗೆ ಕಟ್ತು.

ಓದುಗ_ತುಮಕೂರು

ನಾನಿನ್ನೂ ಓದಿಲ್ಲ, ಜಡ್ಜ್ ಹೆನ್ರಿ ವಾದ ಏನು ಯಾರಾದ್ರೂ ಹೇಳಿ. ಪುಸ್ತಕ ಎಲ್ಲಿ ಸಿಗುತ್ತೆ?

ಸಂಜೆ_ಬಸ್ಸು

@ಓದುಗ_ತುಮಕೂರು ಕಾಪಿರೈಟ್ ಮುಗಿದಿರೋದು, ಪ್ರಾಜೆಕ್ಟ್ ಗುಟೆನ್‌ಬರ್ಗ್‌ನಲ್ಲಿ ಫ್ರೀಯಾಗಿ ಇದೆ. ಮೊದಲ ಐವತ್ತು ಪುಟ ಆ ಕಾಲದ ಇಂಗ್ಲಿಷ್ ಸ್ವಲ್ಪ ಕಷ್ಟ, ಕೌಬಾಯ್‌ಗಳ ಆಡುಮಾತನ್ನ ಉಚ್ಚಾರಣೆ ಹೇಗಿದ್ಯೋ ಹಾಗೇ ಬರೆದಿದಾನೆ, ಬಾಯಿಬಿಟ್ಟು ಓದಿ, ಆಗ ಸಲೀಸು.

ಜಡ್ಜ್ ವಾದ ಇದು. ಮಾಲಿಗೆ ನೇಣಿನ ವಿಷಯ ಶಾಲೆ ಮಕ್ಕಳ ಬಾಯಿಂದ ಗೊತ್ತಾಗುತ್ತೆ, ತಾನು ಪ್ರೀತಿಸೋನು ಇಂಥ ಕೆಲಸ ಮಾಡಿದಾನೆ ಅಂತ ಒಡೆದು ಹೋಗ್ತಾಳೆ. ಆಗ ಜಡ್ಜ್ ಬಂದು ಹೇಳ್ತಾನೆ, ಕಾನೂನು ಎಲ್ಲಿಂದ ಬಂತು? ಜನರಿಂದ. ಜನ ತಮ್ಮ ಅಧಿಕಾರನ ಕೋರ್ಟಿಗೆ ಕೊಟ್ರು. ಇಲ್ಲಿ ಕೋರ್ಟಿನ ಜ್ಯೂರಿಗಳು (ತೀರ್ಪು ಹೇಳೋಕೆ ಕೂರಿಸೋ ಊರಿನ ಜನ) ದನಗಳ್ಳರನ್ನ ಬಿಟ್ಟುಬಿಡ್ತಿದಾರೆ, ಅಧಿಕಾರ ತಗೊಂಡ ಕೈ ಕೆಲಸ ಮಾಡ್ತಿಲ್ಲ ಅಂದ್ರೆ ಕೊಟ್ಟೋರು ವಾಪಸ್ ತಗೋತಾರೆ, ಅದು ಕಾನೂನು ಮುರಿಯೋದಲ್ಲ, ಕಾನೂನು ಎತ್ತಿಹಿಡಿಯೋದು ಅಂತ. ಮಾಲಿ ಕೇಳ್ತಾಳೆ, ಹಾಗಾದ್ರೆ ದಕ್ಷಿಣದ ರಾಜ್ಯಗಳಲ್ಲಿ ಕಪ್ಪು ಜನರನ್ನ ಹಿಡಿದು ಸುಡ್ತಾರಲ್ಲ ಅದಕ್ಕೂ ಇದಕ್ಕೂ ಏನು ವ್ಯತ್ಯಾಸ. ಜಡ್ಜ್ ಅದು ಕ್ರೌರ್ಯ, ಇದು ಹಾಗಲ್ಲ ಅಂತಾನೆ. ಇಲ್ಲಿ ಮಾತ್ರ ನಾನೂ ಒಪ್ಕೋತೀನಿ, ಜಡ್ಜ್‌ಗಿಂತ ಮಾಲಿ ಪ್ರಶ್ನೆನೇ ಗಟ್ಟಿ.

ಹಳೇಪೇಟೆ_ಇತಿಹಾಸ

ಈಗ ನಾನು ಬರಲೇಬೇಕು. ಈ ಜಡ್ಜ್ ವಾದ ಗಾಳಿಲಿ ಹುಟ್ಟಿದ್ದಲ್ಲ, ಇದರ ಹಿಂದೆ ನಿಜವಾದ ರಕ್ತ ಇದೆ.

ವಿಸ್ಟರ್ ಫಿಲಡೆಲ್ಫಿಯಾದ ದೊಡ್ಡ ಮನೆತನದ ಹುಡುಗ, ಹುಟ್ಟಿದ್ದು 1860, ಹಾರ್ವರ್ಡ್‌ನಲ್ಲಿ ಓದು, ಪ್ಯಾರಿಸ್‌ನಲ್ಲಿ ಸಂಗೀತ ಕಲಿಕೆ. ಆರೋಗ್ಯ ಕೆಟ್ಟಾಗ ಡಾಕ್ಟರು ಪಶ್ಚಿಮಕ್ಕೆ ಹೋಗಿ ಬಾ ಅಂದ್ರು, 1885ರಲ್ಲಿ ವಯೋಮಿಂಗ್‌ಗೆ ಬಂದ. ಉಳ್ಕೊಂಡಿದ್ದು ಯಾರ ರಾಂಚಲ್ಲಿ? ಮೇಜರ್ ಫ್ರಾಂಕ್ ವೋಲ್ಕಾಟ್ ಅನ್ನೋನ ರಾಂಚಲ್ಲಿ. ಈ ಹೆಸರು ನೆನಪಿಟ್ಕೊಳ್ಳಿ.

ಆ ಕಾಲಕ್ಕೆ ವಯೋಮಿಂಗ್‌ನ ಬಯಲು ಬಹುತೇಕ ಸರ್ಕಾರಿ ಜಾಗ, ಬೇಲಿ ಇಲ್ಲ, ದೊಡ್ಡ ರಾಂಚಿನವರು ಸಾವಿರಾರು ದನ ಬಿಟ್ಟು ಮೇಯಿಸ್ತಿದ್ರು. ಮಾಲೀಕನ ಗುರುತಿನ ಬರೆ ಹಾಕದ ಕರು ಯಾರ ಪಾಲು ಅನ್ನೋದೇ ದೊಡ್ಡ ಜಗಳ. 1884ರಲ್ಲಿ ಒಂದು ಕಾನೂನು ತಂದು ಅಂಥ ಕರುಗಳ ಮೇಲಿನ ಹಿಡಿತ ದನದ ಮಾಲೀಕರ ಸಂಘಕ್ಕೇ ಕೊಟ್ರು. ಸ್ವಂತಕ್ಕೆ ನಾಕು ದನ ಇಟ್ಕೊಂಡ ಕೌಬಾಯ್‌ಗೆ ಸಂಘದವರು ಕೆಲಸ ಕೊಡ್ತಿರ್ಲಿಲ್ಲ, ಕಪ್ಪು ಪಟ್ಟಿ. ಆಮೇಲೆ 1886–87ರ ಚಳಿಗಾಲ ಬಂತು, ಹಿಮದಡಿ ಹುಲ್ಲು ಸಿಗದೆ ದನಗಳು ನಿಂತಲ್ಲೇ ಸತ್ವು, ದೊಡ್ಡ ದೊಡ್ಡ ಕಂಪನಿಗಳು ಮುಳುಗಿದ್ವು. ನಷ್ಟ ಆದೋರಿಗೆ ಸಣ್ಣ ರೈತರೆಲ್ಲ ಕಳ್ಳರಾಗಿ ಕಂಡ್ರು. ಕೆಲವರು ಕಳ್ಳರೂ ಇದ್ರು, ಸುಳ್ಳು ಹೇಳಲ್ಲ. ಆದ್ರೆ 1889ರಲ್ಲಿ ಎಲಾ ವಾಟ್ಸನ್ ಅನ್ನೋ ಹೆಣ್ಣುಮಗಳನ್ನ ಮತ್ತೆ ಜಿಮ್ ಆವೆರೆಲ್‌ನ ದನಗಳ್ಳರು ಅಂತ ಮರಕ್ಕೆ ನೇತು ಹಾಕಿದ್ರು, ಹಾಕಿದೋರು ಅಕ್ಕಪಕ್ಕದ ರಾಂಚಿನೋರೇ, ಯಾರಿಗೂ ಶಿಕ್ಷೆ ಆಗ್ಲಿಲ್ಲ.

1892ರ ಏಪ್ರಿಲ್‌ನಲ್ಲಿ ಸಂಘದ ದೊಡ್ಡವರು ಟೆಕ್ಸಸ್‌ನಿಂದ ಕೂಲಿ ಬಂದೂಕಿನವರನ್ನ ಕರೆಸಿ, ಸುಮಾರು 50 ಜನ ವಿಶೇಷ ರೈಲಲ್ಲಿ ಹೊರಟು ವಯೋಮಿಂಗ್‌ನದೇ ಜಾನ್ಸನ್ ಕೌಂಟಿ (ನಮ್ ಜಿಲ್ಲೆ ಥರ) ಮೇಲೆ ದಾಳಿ ಮಾಡಿದ್ರು. ಜೇಬಲ್ಲಿ ಕೊಲ್ಲಬೇಕಾದವರ ಪಟ್ಟಿ. ಮೊದಲು ಸಿಕ್ಕಿದ್ದು ನೇಟ್ ಚಾಂಪಿಯನ್, ಕೌಬಾಯ್ ಆಗಿದ್ದು ಸ್ವಂತ ದನ ಮಾಡ್ಕೊಂಡೋನು, ಜೊತೆಗೆ ನಿಕ್ ರೇ. ರೇ ಬೆಳಿಗ್ಗೆನೇ ಗುಂಡು ತಿಂದ. ಚಾಂಪಿಯನ್ ಒಬ್ನೇ ಮರದ ಗುಡಿಸಲಲ್ಲಿ ಗಂಟೆಗಟ್ಟಲೆ ಎದುರಿಸ್ದ, ಮಧ್ಯೆ ಮಧ್ಯೆ ಒಂದು ಪುಟ್ಟ ನೋಟ್‌ಬುಕ್ಕಲ್ಲಿ ಏನಾಗ್ತಿದೆ ಅಂತ ಬರೀತಾ ಇದ್ದ. ಕೊನೆಗೆ ಗುಡಿಸಲಿಗೆ ಬೆಂಕಿ ಹಚ್ಚಿದ್ರು, ಹೊರಗೆ ಓಡಿ ಬಂದೋನನ್ನ ಹೊಡೆದು ಹಾಕಿದ್ರು. ಸುದ್ದಿ ಹರಡಿ ಸುತ್ತಲ ಜನ ಕೌಂಟಿಯ ಪೊಲೀಸ್ ಅಧಿಕಾರಿ ಷೆರಿಫ್ ಜೊತೆ ಸೇರಿ ದಾಳಿಕೋರರನ್ನೇ ಒಂದು ರಾಂಚಲ್ಲಿ ಮುತ್ತಿಗೆ ಹಾಕಿದ್ರು, ಆಗ ಅವರನ್ನ ಉಳಿಸೋಕೆ ಬಂದಿದ್ದು ಪ್ರೆಸಿಡೆಂಟ್ ಹ್ಯಾರಿಸನ್ ಕಳಿಸಿದ ಕುದುರೆ ಸೈನ್ಯ. ಕೇಸು ಬಿದ್ದುಹೋಯ್ತು, ಒಬ್ಬನಿಗೂ ಶಿಕ್ಷೆ ಇಲ್ಲ. ಆ ದಾಳಿಯ ನಾಯಕ ಯಾರು? ಮೇಜರ್ ವೋಲ್ಕಾಟ್. ವಿಸ್ಟರ್‌ಗೆ ಮೊದಲ ಬೇಸಿಗೆಲಿ ಅನ್ನ ಹಾಕಿದ ಮನೆಯವನು.

ವಿಸ್ಟರ್ ಮುನ್ನುಡಿಲಿ ಇದು 1874ರಿಂದ 1890ರವರೆಗಿನ ವಯೋಮಿಂಗ್ ಅಂತ ಬರೀತಾನೆ. 1892 ಅದರ ಹೊರಗೆ ಉಳೀತು. ಆದ್ರೆ ಜಡ್ಜ್ ಹೆನ್ರಿ ಬಾಯಲ್ಲಿ ಬರೋದು 1892ರ ದಾಳಿಕೋರರ ಸಮರ್ಥನೆನೇ. ಅದಕ್ಕೇ ನಂಗೆ ಆ ಪುಟಗಳನ್ನ ಬರೀ ಕಥೆ ಅಂತ ಓದೋಕೆ ಆಗಲ್ಲ.

ಸಂಜೆ_ಬಸ್ಸು

@ಹಳೇಪೇಟೆ_ಇತಿಹಾಸ ಇಷ್ಟು ವಿವರ ಗೊತ್ತಿರ್ಲಿಲ್ಲ, ಥ್ಯಾಂಕ್ಸ್. ಒಂದು ಮಾತು ಮಾತ್ರ. ವಿಸ್ಟರ್ ಜಡ್ಜ್ ವಾದನ ಗೆಲ್ಲಿಸೋಕೇ ನಿಂತಿದ್ರೆ ಸ್ಟೀವ್‌ನ ಕೆಟ್ಟವನನ್ನಾಗಿ ಮಾಡಬಹುದಿತ್ತಲ್ಲ? ಮಾಡ್ಲಿಲ್ಲ. ಸ್ಟೀವ್ ಧೈರ್ಯವಾಗಿ ಸಾಯ್ತಾನೆ, ನಗ್ತಾ ಸಾಯ್ತಾನೆ. ಕತೆಗಾರನ ಕೈ ತಲೆಗಿಂತ ಪ್ರಾಮಾಣಿಕ ಅನ್ಸುತ್ತೆ ನಂಗೆ.

ಕೃಷ್ಣಾತೀರದಾಂವ

ಎಲ್ಲಾರೂ ಭಾಳ ಚಲೋ ಬರದೀರಿ. ನಂದು ಒಂದ ಪ್ರಶ್ನೆ ಐತ್ರಿ. ಈ ಪುಸ್ತಕದಾಗ ದನಾ ಎಲ್ಲಿ ಅದಾವು?

ನಮ್ಮ ಮುತ್ಯಾ ದನಾ ಕಾಯ್ತಿದ್ದ. ಊರ ಮಂದಿ ದನಾ ಎಲ್ಲಾ ಹೊಡಕೊಂಡು ಮುಂಜಾನೆ ಹೋದ್ರ ಸಂಜೀಕ ಬರ್ತಿದ್ದ. ಯಾವ ಆಕಳ ಯಾವಾಗ ಈಯತೈತಿ, ಯಾವ ಹೋರಿ ಕಾಲಾಗ ಮುಳ್ಳ ಮುರದೈತಿ, ಎಲ್ಲಾ ಆಂವಗ ಗೊತ್ತಿತ್ತು. ನಾ ಸಾಲೀಗಿ ಹೋಗುಮುಂದ ಲೆಕ್ಕ ತಪ್ಪಿದ್ರ ಮಾಸ್ತರು ಏನ್ ಬೈತಿದ್ರು ಗೊತ್ತೇನ್ರಿ? "ದನಾ ಕಾಯಾಕ ಹೋಗು, ನಿನಗ ಅದ ಲಾಯಕ್ಕ." ಮನೀಗಿ ಬಂದು ಮುತ್ಯಾನ ಮಾರಿ ನೋಡಾಕ ನಾಚಿಕಿ ಬರ್ತಿತ್ತು. ನಿಮಗೂ ಎಲ್ಲಾರಿಗೂ ಇಂಥ ಬೈಗಳಾ ಬಿದ್ದೇ ಬಿದ್ದಿರತೈತಿ.

ಅದಕ್ಕ ಕೌಬಾಯ್ ಅಂತ ಒಬ್ಬ ದನಾ ಕಾಯಾಂವನ್ನ ಜಗತ್ತೆಲ್ಲಾ ಹೀರೋ ಮಾಡೇದ ಅಂತ ತಿಳದು ಭಾಳ ಪ್ರೀತಿಲೆ ಈ ಪುಸ್ತಕ ಹಿಡದೆ. ಓದೇ ಓದಿದೆ. ಇಸ್ಪೀಟ ಐತಿ, ರೈಲ ಐತಿ, ಕುದುರಿ ಐತಿ, ಶೇಕ್ಸ್‌ಪಿಯರ್ ಐತಿ, ಪ್ರೀತಿ ಐತಿ. ದನದ ಮೈ ಮ್ಯಾಲೆ ಕೈ ಆಡಿಸೋ ಒಂದ ಪುಟ ಸಿಗಲಿಲ್ಲ. ಕೆಲಸಾ ಮಾಡೋದು ಹಿಂದ ಉಳೀತು, ಆಂವ ಫೋರಮನ್ ಆದ, ಕಡೀಕ ತನ್ನ ಭೂಮ್ಯಾಗ ಕಲ್ಲಿದ್ದಲು ಸಿಕ್ಕು ದೊಡ್ಡ ಮನಷ್ಯಾ ಆದ. ದನಾ ಕಾಯಾಂವಗ ಮರ್ಯಾದಿ ಸಿಗಬೇಕಂದ್ರ ಆಂವ ದನಾ ಬಿಡಬೇಕಾತು. ನನಗ ಇದು ಸ್ಟೀವ್‌ನ ನೇಣಿನಷ್ಟ ಚುಚ್ಚಿತು.

ಮಂಡ್ಯ_ಮಾತು

@ಕೃಷ್ಣಾತೀರದಾಂವ ಅಣ್ಣ ಇದನ್ನ ಓದಿ ಸ್ವಲ್ಪ ಹೊತ್ತು ಸುಮ್ನೆ ಕೂತೆ. "ದನ ಕಾಯೋಕೂ ಲಾಯಕ್ಕಿಲ್ಲ" ಅಂತ ನಮ್ ಮೇಷ್ಟ್ರೂ ಬೈತಿದ್ರು.

ಹಳೇಪೇಟೆ_ಇತಿಹಾಸ

@ಕೃಷ್ಣಾತೀರದಾಂವ ನೀವು ಹೇಳಿದ್ದಕ್ಕೆ ಒಂದು ಸೇರಿಸ್ತೀನಿ, ಅಮೆರಿಕದಲ್ಲೂ ಆ ಪದಕ್ಕೆ ಮರ್ಯಾದೆ ಇರ್ಲಿಲ್ಲ. 1881ರಲ್ಲಿ ಪ್ರೆಸಿಡೆಂಟ್ ಚೆಸ್ಟರ್ ಆರ್ಥರ್ ಕಾಂಗ್ರೆಸ್‌ಗೆ ಕಳಿಸಿದ ಸಂದೇಶದಲ್ಲಿ ಅರಿಜೋನಾ ಕಡೆ ಕೌಬಾಯ್ ಅಂತ ಕರೆಸ್ಕೊಳೋ ಶಸ್ತ್ರಧಾರಿ ದುಷ್ಟರಿದಾರೆ ಅಂತ ದೂರಿದಾನೆ. ಅಂದ್ರೆ ಆಗ ಆ ಪದ ಬೈಗುಳಾನೇ. ಅಲ್ಲಿಂದ 21 ವರ್ಷದಲ್ಲಿ ಅದೇ ಪದ ಜಂಟಲ್‌ಮನ್ ಅನ್ನೋ ಅರ್ಥಕ್ಕೆ ಬಂತು.

ನಿಜವಾದ ಕೆಲಸ ಬೆನ್ನು ಮುರಿಯೋದು. ತಿಂಗಳಿಗೆ 25ರಿಂದ 40 ಡಾಲರ್ ಸಂಬಳ. ಟೆಕ್ಸಸ್‌ನಿಂದ ಕಾನ್ಸಾಸ್‌ನ ರೈಲಿನವರೆಗೆ, 1867ರಲ್ಲಿ ಅಬಿಲೀನ್‌ನಲ್ಲಿ ಶುರುವಾಯ್ತು ಆ ವ್ಯಾಪಾರ, ತಿಂಗಳುಗಟ್ಟಲೆ ಧೂಳಲ್ಲಿ ದನದ ಹಿಂದೆ, ರಾತ್ರಿ ದನ ಬೆದರದೇ ಇರ್ಲಿ ಅಂತ ಸುತ್ತ ಕುದುರೆ ಓಡಿಸ್ತಾ ಹಾಡು ಹೇಳೋದು. 1883ರಲ್ಲಿ ಟೆಕ್ಸಸ್‌ನ ಪ್ಯಾನ್‌ಹ್ಯಾಂಡಲ್ ಕಡೆ ಕೌಬಾಯ್‌ಗಳು 50 ಡಾಲರ್ ಸಂಬಳ ಕೊಡಿ ಅಂತ ಮುಷ್ಕರ ಹೂಡಿದ್ರು, ಮಾಲೀಕರು ಬೇರೆಯವರನ್ನ ಇಟ್ಕೊಂಡ್ರು, ಮುಷ್ಕರ ಮುರಿದುಬಿತ್ತು. ಮುಷ್ಕರ ಮಾಡೋ ಕೌಬಾಯ್ ವಿಸ್ಟರ್ ಪುಸ್ತಕದಲ್ಲಿ ಇದ್ರೆ ಅವನು ಟ್ರಾಂಪಸ್ ಪಕ್ಷದೋನಾಗಿರ್ತಿದ್ದ. @ಸಂಜೆ_ಬಸ್ಸು ನೀವು ಹೇಳಿದ ಕಪ್ಪೆ ಕಥೆನ ಈ ಕಣ್ಣಲ್ಲಿ ಇನ್ನೊಮ್ಮೆ ಓದಿ ನೋಡಿ, ಕೆಲಸ ಬಿಡ್ತೀವಿ ಅಂದ ಆಳುಗಳನ್ನ ಮಾಲೀಕನ ಕಡೆಯೋನು ನಗಿಸಿ ವಾಪಸ್ ಕರ್ಕೊಂಡು ಬರೋ ಕಥೆ ಅದು.

ಡೆನ್ವರ್_ಕನ್ನಡಿಗ

ಇನ್ನೊಂದು ಕಾಣೆಯಾಗಿರೋದು ಅಂದ್ರೆ ಮೆಕ್ಸಿಕನ್ನರು ಮತ್ತೆ ಕಪ್ಪು ಕೌಬಾಯ್‌ಗಳು. ಇಲ್ಲಿ ಡೆನ್ವರ್‌ನಲ್ಲಿ ಕಪ್ಪು ಜನರ ಪಶ್ಚಿಮದ ಬದುಕಿನ ಬಗ್ಗೆನೇ ಒಂದು ಮ್ಯೂಸಿಯಂ ಇದೆ, ಮಕ್ಕಳನ್ನ ಕರ್ಕೊಂಡು ಹೋಗಿದ್ದೆ, ನನ್ನ ಮಗ ಕೇಳ್ದ, ಹಾಗಾದ್ರೆ ಸಿನಿಮಾದಲ್ಲಿ ಯಾಕೆ ಇವರಿಲ್ಲ ಅಂತ. ನ್ಯಾಟ್ ಲವ್ ಅಂತ ಗುಲಾಮಗಿರಿಲಿ ಹುಟ್ಟಿ ಕೌಬಾಯ್ ಆದೋನು, 1907ರಲ್ಲಿ ಆತ್ಮಕಥೆ ಬರೆದ, ವಿಸ್ಟರ್ ಪುಸ್ತಕ ಬಂದ ಐದೇ ವರ್ಷಕ್ಕೆ. ಕೌಬಾಯ್ ಕಸುಬೇ ಮೆಕ್ಸಿಕೋದ ವಾಕೇರೋಗಳಿಂದ (ಕುದುರೆ ಮೇಲೆ ದನ ಕಾಯೋರು) ಬಂದಿದ್ದು, ರಾಂಚ್, ರೋಡಿಯೋ, ಲಾಸೋ ಎಲ್ಲ ಸ್ಪ್ಯಾನಿಷ್ ಪದಗಳೇ. ವಿಸ್ಟರ್ ಮಾತ್ರ 1895ರಲ್ಲಿ ಹಾರ್ಪರ್ಸ್ ಪತ್ರಿಕೆಗೆ ಬರೆದ ಲೇಖನದಲ್ಲಿ ಕೌಬಾಯ್ ಅಂದ್ರೆ ಹಳೇ ಇಂಗ್ಲಿಷ್ ನೈಟ್‌ಗಳ ವಂಶದ ಸ್ಯಾಕ್ಸನ್ ಕುದುರೆ ಸವಾರ ಅಂತ ವಾದ ಮಾಡಿದಾನೆ. ಅಲ್ಲಿಂದ್ಲೇ ಆ ಬಿಳಿ ಹೀರೋ ತಯಾರಾಗಿದ್ದು. ಆ ನೆಲದ ಮೂಲ ಜನ ಷೋಶೋನಿ, ಅರಾಪಹೋ, ಅವರಂತೂ ಕಾದಂಬರಿಲಿ ನೆರಳು ಥರ ಬಂದು ಹೀರೋಗೆ ಗಾಯ ಮಾಡಿ ಹೋಗ್ತಾರೆ, ಮಾಲಿ ಅವನ ಆರೈಕೆ ಮಾಡ್ಲಿ ಅನ್ನೋದಕ್ಕೆ ಬೇಕಾಗಿದ್ರು ಅಷ್ಟೇ ಅನ್ಸುತ್ತೆ.

ಶನಿವಾರ_ಸಂತೆ

ಸಿನಿಮಾ ಕಡೆಯಿಂದ ಒಂದು ಮಾತು. ಈ ಪುಸ್ತಕ 1914ರಲ್ಲೇ ಮೂಕಿ ಸಿನಿಮಾ ಆಯ್ತು, 1929ರಲ್ಲಿ ಗ್ಯಾರಿ ಕೂಪರ್ ಮಾತಾಡೋ ಸಿನಿಮಾದಲ್ಲಿ ಮಾಡಿದ, 1962ರಿಂದ 1971ರವರೆಗೆ ಟೀವಿ ಸೀರಿಯಲ್ಲೂ ಬಂತು. ಗ್ಯಾರಿ ಕೂಪರ್‌ದು ನೋಡಿದೀನಿ, ನೇಣಿನ ಸೀನ್ ಅದರಲ್ಲಿ ನಿಜಕ್ಕೂ ಭಾರವಾಗಿದೆ. ಇಲ್ಲಿಂದ ಹಾಲಿವುಡ್ಡು, ಅಲ್ಲಿಂದ ಇಟಲಿಯವರ ಕೌಬಾಯ್ ಸಿನಿಮಾ, ಅಲ್ಲಿಂದ ನಮ್ ರಾಮನಗರದ ಬಂಡೆಗಳ ನಡುವೆ ತೆಗೆದ ಶೋಲೆವರೆಗೂ ಒಂದು ದಾರಿ ಇದೆ. ನಾವು ಚಿಕ್ಕೋರಿದ್ದಾಗ ಆ ಬಂಡೆ ಹತ್ರ ಹೋಗಿ ಕುದುರೆ ಮೇಲೆ ಕೂತಿದೀವಿ ಅನ್ಕೊಂಡು ಕಲ್ಲು ಹತ್ತಿ ಕೂರ್ತಿದ್ವಿ.

ಇನ್ನೊಂದು, ಈ ಎದುರಾಬದುರಾ ನಿಂತು ಗುಂಡು ಹಾರಿಸೋದು ನಿಜದಲ್ಲಿ ತೀರಾ ಅಪರೂಪ. ದನದ ವ್ಯಾಪಾರದ ಊರುಗಳಲ್ಲಿ ಪಿಸ್ತೂಲು ಹೊತ್ಕೊಂಡು ಓಡಾಡಬಾರ್ದು ಅಂತಲೇ ರೂಲ್ಸ್ ಇತ್ತು, ಡಾಡ್ಜ್ ಸಿಟಿಲೂ ಇತ್ತು.

ಮಲೆನಾಡ_ಓದುಗಿ

ಎಲ್ಲಾರ್ದೂ ಓದ್ತಾ ಇದ್ದೆ, ಉತ್ತರ ಬರೆಯೋಕೆ ಎರಡು ದಿನ ಬೇಕಾಯ್ತು.

ಆ ಕೊನೇ ಡ್ಯೂಯಲ್ ಬಗ್ಗೆ ನಂಗೂ ತಕರಾರಿದೆ. ಮದುವೆ ಹಿಂದಿನ ದಿನ ಟ್ರಾಂಪಸ್ ಬಂದು ಹೊತ್ತು ಮುಳುಗೋದ್ರೊಳಗೆ ಊರು ಬಿಡು ಅಂತಾನೆ. ಮಾಲಿ ಹೇಳ್ತಾಳೆ, ನೀನು ಹೋದ್ರೆ ನಾಳೆ ಅನ್ನೋದು ನಮಗಿಲ್ಲ. ಇವನು ಹೋಗ್ತಾನೆ, ಗೆದ್ದು ಬರ್ತಾನೆ, ಅವಳು ಸದ್ಯ ದೇವರೇ ಅಂತ ಅಪ್ಕೋತಾಳೆ. ಅಷ್ಟು ಹೊತ್ತು ಅಷ್ಟು ಸ್ಪಷ್ಟವಾಗಿ ಮಾತಾಡಿದ ಹೆಣ್ಣನ್ನ ಒಂದು ಸಾಲಲ್ಲಿ ಸೋಲಿಸ್ಬಿಟ್ಟ. ಅವಳ ಪ್ರಶ್ನೆಗಳಿಗೆ ಪುಸ್ತಕದಲ್ಲಿ ಯಾರೂ ನಿಜವಾಗಿ ಉತ್ತರ ಕೊಡಲ್ಲ, ಜಡ್ಜೂ ಕೊಡಲ್ಲ, ಹೀರೋನೂ ಕೊಡಲ್ಲ.

ಅಷ್ಟಾದ್ರೂ ಪುಸ್ತಕ ಕೈಯಿಂದ ಬಿಡೋಕೆ ಆಗ್ತಿಲ್ಲ. @ಹಳೇಪೇಟೆ_ಇತಿಹಾಸ ಹೇಳಿದ್ದನ್ನ ಓದಿದ ಮೇಲೆ ಇವನನ್ನ ಹೀರೋ ಅಂತ ಕರೆಯೋಕೆ ನನ್ನಿಂದ ಆಗಲ್ಲ, ಮಾಲೀಕನ ಕೈಯಾಗಿ ಗೆಳೆಯನ ಕೊರಳಿಗೆ ಹಗ್ಗ ಹಾಕಿದೋನು ಇವನು. ಆದ್ರೆ ಕೆಟ್ಟೋನು ಅಂತ ಅನ್ನೋಕೂ ಬಾಯಿ ಬರಲ್ಲ, ಯಾಕಂದ್ರೆ ಸ್ಟೀವ್ ಬರೆದಿಟ್ಟು ಹೋದ ಆ ಚೀಟಿ.

ಓದುಗ_ತುಮಕೂರು

ಯಾವ ಚೀಟಿ? ಓದೋಕೆ ಶುರು ಮಾಡಿದೀನಿ, ಕಪ್ಪೆ ಕಥೆಗೆ ಬಂದಿದೀನಿ. ಪರವಾಗಿಲ್ಲ ಹೇಳಿ.

ಮಂಡ್ಯ_ಮಾತು

ನೇಣಿಗೆ ಹೋಗೋ ದಿನ ಬೆಳಿಗ್ಗೆ ಸ್ಟೀವ್ ಕೈಲಿ ಒಂದು ಪೇಪರ್ ಇರುತ್ತೆ. ಅದ್ರ ಮೇಲೆ ಪೆನ್ಸಿಲಲ್ಲಿ ಎರಡು ಸಾಲು ಗೀಚಿರ್ತಾನೆ. ಅದು ಆಮೇಲೆ ಕಥೆ ಹೇಳೋನ ಕಣ್ಣಿಗೆ ಬೀಳುತ್ತೆ, ಓದಿ, ಜೆಫ್ ಅಂದ್ರೆ ಯಾರು ಅಂತ ಕೇಳ್ತಾನೆ. ಅಲ್ಲಿವರೆಗೂ ಗೆಳೆಯ ಒಂದು ಮಾತೂ ಆಡದೆ ಹೋಗ್ಬಿಟ್ಟ ಅಂತ ಒಳಗೊಳಗೇ ಸಾಯ್ತಿದ್ದೋನ ಮುಖ ಆಗ ಬದಲಾಗುತ್ತೆ. ಸ್ಟೀವ್ ಒಬ್ನೇ ನನ್ನ ಹಾಗೆ ಕರೀತಿದ್ದ, ಬೇರೆ ಯಾರೂ ಕರೀತಿರ್ಲಿಲ್ಲ ಅಂತಾನೆ. ಇಡೀ ಪುಸ್ತಕದಲ್ಲಿ ಹೆಸರಿಲ್ದೋನಿಗೆ ಇದ್ದ ಒಂದೇ ಒಂದು ಹೆಸರು ಅದು, ಅದನ್ನ ಇಟ್ಟೋನನ್ನ ಇವನೇ ನೇತು ಹಾಕವ್ನೆ.

ಮಲೆನಾಡ_ಓದುಗಿ

ಹೂಂ ಅದೇ. ಆ ಎರಡು ಸಾಲನ್ನ ಎರಡು ದಿನದಿಂದ ಕನ್ನಡ ಮಾಡೋಕೆ ಒದ್ದಾಡ್ತಾ ಇದೀನಿ. ಎರಡನೇ ಸಾಲು ಹೇಗೋ ಬಂತು: "ನಿನ್ ಜೊತೆ ಮಾತಾಡಿದ್ರೆ ಮಗು ಥರ ಅತ್ತುಬಿಡ್ತಿದ್ದೆ." ಮೊದಲನೇದು ಬರೀ ಗುಡ್‌ಬೈ ಜೆಫ್ ಅಂತ. ಅದಕ್ಕೇ ಕೈ ಓಡ್ತಿಲ್ಲ. ವಿದಾಯ ಅಂತ ಹಾಕಿದ್ರೆ ಸ್ಟೀವ್ ಅಲ್ಲ, ಭಾಷಣ. ಹೋಗ್ತೀನಿ ಅಂತ ಬರೆದೆ, ನಮ್ ಮನೇಲಿ ಹಾಗನ್ನೋಕೆ ಬಿಡಲ್ಲ, ಅಜ್ಜಿ ಬಾಯಿ ಮೇಲೆ ಹೊಡೀತಿದ್ರು, ಹೋಗ್ತೀನಿ ಅನ್ಬೇಡ, ಬರ್ತೀನಿ ಅನ್ನು ಅಂತ.

ಕೃಷ್ಣಾತೀರದಾಂವ

ನಮ್ಮ ಕಡೆನೂ ಹಂಗ ರೀ. ಮುತ್ಯಾ ದನಾ ಹೊಡಕೊಂಡು ಹೊರಗ ಬೀಳುಮುಂದ ದಿನಾ "ಬರ್ತೇನಿ" ಅಂತಿದ್ದ. ಹೋಗ್ತೇನಿ ಅಂತ ಒಂದಿನಾನೂ ಅಂದಿಲ್ಲ.

ಮಲೆನಾಡ_ಓದುಗಿ

ಹಾಗಾದ್ರೆ ಸ್ಟೀವ್‌ಗೂ ಅದನ್ನೇ ಬರೆಸ್ತೀನಿ. ವಾಪಸ್ ಬರಲ್ಲ ಅಂತ ಅವನಿಗೂ ಗೊತ್ತು, ಓದೋನಿಗೂ ಗೊತ್ತು.

"ಬರ್ತೀನಿ ಜೆಫ್. ನಿನ್ ಜೊತೆ ಮಾತಾಡಿದ್ರೆ ಮಗು ಥರ ಅತ್ತುಬಿಡ್ತಿದ್ದೆ."